ಪೋಶ್ ತರಬೇತಿಗೆ ಬರುವ ಆ ಮೇಡಂ ನಿಜವಾಗಿ ಮಾಡುವ ಕೆಲಸ ಏನು?

[ದೃಶ್ಯ: ಆಫೀಸಿನ ಮೀಟಿಂಗ್ ರೂಮ್, ಸಾಲಾಗಿ ಕುರ್ಚಿ, ಗೋಡೆ ಮೇಲೆ ಸ್ಲೈಡ್]

ನಮಸ್ಕಾರ. ನೀವು ಬೆಂಗಳೂರಿನ ಐಟಿ ಕಂಪನಿಯಲ್ಲಿರಿ, ಪೀಣ್ಯದ ಕಾರ್ಖಾನೆಯಲ್ಲಿರಿ, ಹುಬ್ಬಳ್ಳಿಯ ಕಾಲೇಜಿನಲ್ಲಿರಿ, ಇಂಥ ಒಂದು ಮೆಸೇಜ್ ನೋಡಿರುತ್ತೀರಿ: ನಾಳೆ ಮಧ್ಯಾಹ್ನ ಪೋಶ್ ತರಬೇತಿ, ಎಲ್ಲರೂ ಬರಲೇಬೇಕು. ಪೋಶ್ ಅಂದರೆ ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ಕಾನೂನು. ಹೊರಗಿನಿಂದ ಒಬ್ಬರು ಮೇಡಂ ಬರುತ್ತಾರೆ, ಎರಡು ಗಂಟೆ ಮಾತಾಡುತ್ತಾರೆ, ನಾವು ಹಾಜರಾತಿಗೆ ಸಹಿ ಹಾಕಿ ಎದ್ದು ಬರುತ್ತೇವೆ. ಅವರ ಕೆಲಸ ಇಷ್ಟೇ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಇಷ್ಟೇ ಅಲ್ಲ. ಇದು ಹಳ್ಳಿಯ ಹೆಣ್ಣುಮಕ್ಕಳು ಕಟ್ಟಿದ ಕೆಲಸ, ಮತ್ತು ಅದಕ್ಕೆ ಅವರು ತೆತ್ತ ಬೆಲೆ ದೊಡ್ಡದು. ಅಲ್ಲಿಂದಲೇ ಶುರು ಮಾಡೋಣ.

[ದೃಶ್ಯ: ರಾಜಸ್ಥಾನದ ನಕ್ಷೆ, ಭಟೇರಿ]

1984ರಲ್ಲಿ ರಾಜಸ್ಥಾನ ಸರ್ಕಾರ ಮಹಿಳಾ ಅಭಿವೃದ್ಧಿ ಕಾರ್ಯಕ್ರಮ ಶುರು ಮಾಡಿತು. ಹಳ್ಳಿಯಲ್ಲೇ ಇರುವ ಒಬ್ಬ ಹೆಣ್ಣುಮಗಳನ್ನು ‘ಸಾಥಿನ್’ ಅಂತ ನೇಮಿಸುತ್ತಿದ್ದರು. ಊರಿನ ಹೆಂಗಸರನ್ನು ಸೇರಿಸೋದು, ಮಾತಾಡಿಸೋದು, ಅವರ ಜೊತೆ ನಿಲ್ಲೋದು ಸಾಥಿನ್ ಕೆಲಸ. ಭಟೇರಿ ಎಂಬ ಊರಿನ ಸಾಥಿನ್ ಭಂವರಿ ದೇವಿ. 1992ರಲ್ಲಿ ಅವರು ಒಂದು ಬಾಲ್ಯವಿವಾಹ ತಡೆಯಲು ಹೋದರು. ಅದೇ ಸೇಡಿಗೆ ತನ್ನ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿದರು ಎಂದು ದೂರು ಕೊಟ್ಟರು. 1995ರಲ್ಲಿ ಕೆಳ ನ್ಯಾಯಾಲಯ ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಡುಗಡೆ ಮಾಡಿತು. ಭಂವರಿ ದೇವಿ ಮಾಡುತ್ತಿದ್ದದ್ದು ಸರ್ಕಾರದ್ದೇ ಕೆಲಸ, ಆದರೆ ಕೆಲಸದ ಕಾರಣಕ್ಕೇ ಹೀಗಾದಾಗ ಹೊಣೆ ಯಾರದು ಅಂತ ಹೇಳುವ ಕಾನೂನೇ ಆಗ ಇರಲಿಲ್ಲ.

ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್‌ನಲ್ಲಿ, ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯೋದು ಮಾಲೀಕರ ಹೊಣೆ ಅಂದ ವಿಶಾಖಾ ತೀರ್ಪು ಬಂತು. ಅದೇ ಮುಂದೆ 2013ರ ಕಾಯ್ದೆಯಾಯಿತು, ನಾವು ಪೋಶ್ ಅನ್ನೋದು ಅದನ್ನೇ. ಇವತ್ತು ಆಫೀಸಿಗೆ ತರಬೇತಿ ಕೊಡಲು ಬರುವವರ ಕೈಯಲ್ಲಿರುವ ಕಾನೂನು, ಅವರ ಹಾಗೇ ಹೆಂಗಸರನ್ನು ಮಾತಾಡಿಸುವ ಕೆಲಸದಲ್ಲಿದ್ದ ಒಬ್ಬರ ಹೋರಾಟದಿಂದ ಬಂದದ್ದು.

[ದೃಶ್ಯ: ಬೀದರ್, ಬಿಜಾಪುರ, ಮೈಸೂರು]

ನಮ್ಮಲ್ಲೂ ಇದಕ್ಕೆ ಬೇರುಗಳಿವೆ. 1989ರಲ್ಲಿ ಕರ್ನಾಟಕಕ್ಕೆ ಮಹಿಳಾ ಸಮಖ್ಯಾ ಬಂತು, ಹಳ್ಳಿಯ ಹೆಂಗಸರ ಸಂಘ ಕಟ್ಟುವ ಸರ್ಕಾರಿ ಕಾರ್ಯಕ್ರಮ. ಮೊದಲು ಬೀದರ್, ಬಿಜಾಪುರ, ಮೈಸೂರು ಜಿಲ್ಲೆಗಳಲ್ಲಿ. ಹೆಂಗಸರನ್ನು ಸೇರಿಸಲು ಹತ್ತು ಹಳ್ಳಿಗೆ ಸುಮಾರು ಒಬ್ಬರಂತೆ ‘ಸಹಯೋಗಿನಿ’ಯರು. ಸಂಘಕ್ಕೆ ಬರುತ್ತಿದ್ದವರಲ್ಲಿ ಹೆಚ್ಚಿನವರು ದಲಿತ ಕೂಲಿ ಹೆಣ್ಣುಮಕ್ಕಳು. ‘ನೀವು ಏನು ಕೊಡ್ತೀರಿ?’ ಅನ್ನೋ ಪ್ರಶ್ನೆ ಮೊದಲು ಬರುತ್ತಿತ್ತು. ಕೊಡೋಕೆ ಸಾಲ ಇಲ್ಲ, ಹೊಲಿಗೆ ಯಂತ್ರ ಇಲ್ಲ. ಬರೀ ಕೂತು ಮಾತಾಡೋಣ ಬನ್ನಿ ಅಂತ ಕರೆಯಬೇಕು. ದಿನದ ಕೂಲಿ ಮುಗಿಸಿ, ಅಡುಗೆ ಮುಗಿಸಿ, ರಾತ್ರಿ ಬಂದು ಕೂರುವವರನ್ನು ಹಾಗೆ ಕರೆಯೋದು ಎಷ್ಟು ಕಷ್ಟ ಯೋಚಿಸಿ. ಆದರೂ ಸಂಘಗಳು ಆದವು.

[ದೃಶ್ಯ: ನೆಲದ ಮೇಲೆ ರಂಗೋಲಿ ಪುಡಿಯಿಂದ ಎರಡು ದೊಡ್ಡ ವೃತ್ತ]

ಈ ಕೆಲಸ ಹೇಗೆ ನಡೆಯುತ್ತೆ ಅಂತ ಒಂದು ಚಟುವಟಿಕೆಯಿಂದ ಹೇಳುತ್ತೇನೆ. ನನಗೆ ತುಂಬಾ ಇಷ್ಟವಾದದ್ದು ಇದು. ಸಂಘಕ್ಕೆ ಬಂದ ಹೆಂಗಸರನ್ನು ‘ನೀವು ಏನು ಕೆಲಸ ಮಾಡ್ತೀರಿ?’ ಅಂತ ಕೇಳಿ. ‘ಏನಿಲ್ಲ, ಮನೇಲೇ ಇರ್ತೀನಿ’ ಅಂತಾರೆ, ಅಲ್ವಾ? ಆಗ ನೆಲದ ಮೇಲೆ ಒಂದು ವೃತ್ತ ಬರೆದು, ಬೆಳಗ್ಗೆ ಎದ್ದಾಗಿನಿಂದ ರಾತ್ರಿ ಮಲಗುವವರೆಗೆ ಯಾವ ಹೊತ್ತಿಗೆ ಏನು ಅಂತ ಅವರ ಕೈಯಲ್ಲೇ ತುಂಬಿಸುತ್ತಾರೆ. ನೀರು, ಕಸ, ಅಡುಗೆ, ಮಕ್ಕಳು, ದನ, ಹೊಲ, ಮತ್ತೆ ಅಡುಗೆ, ಮತ್ತೆ ಪಾತ್ರೆ. ಪಕ್ಕದಲ್ಲಿ ಗಂಡನ ದಿನದ ವೃತ್ತ. ಚಟುವಟಿಕೆ ನಡೆಸುವ ಸಂಪನ್ಮೂಲ ವ್ಯಕ್ತಿ ಇಲ್ಲಿ ಒಂದು ಮಾತೂ ಹೇಳಬಾರದು. ಎರಡೂ ವೃತ್ತ ನೋಡಿ ಯಾರೋ ಒಬ್ಬರು ‘ಅಯ್ಯೋ, ನಾನು ಕೂತೇ ಇಲ್ಲ’ ಅನ್ನುವವರೆಗೆ ಸುಮ್ನೆ ಇರಬೇಕು. ಆ ಸುಮ್ನೆ ಇರುವುದನ್ನು ಕಲಿಯೋಕೆ ವರ್ಷಗಳು ಬೇಕು. ಮೊದಲೇ ಅಂಕಿಅಂಶ ಹೇಳಿಬಿಟ್ಟರೆ ಅದು ಅವರ ಸತ್ಯ ಆಗಲ್ಲ, ನಿಮ್ಮ ಭಾಷಣ ಆಗುತ್ತೆ.

ಅಂಕಿಅಂಶ ಆಮೇಲೆ. 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರೆ. ಮಾಡುವ ಗಂಡಸರು 97 ನಿಮಿಷ. ಮಾಡುವವರೇ ಎಷ್ಟು ಅಂದರೆ, ಹೆಂಗಸರಲ್ಲಿ ಶೇ 81.2, ಗಂಡಸರಲ್ಲಿ ಶೇ 26.1.

[ದೃಶ್ಯ: ಮತ್ತೆ ಮೀಟಿಂಗ್ ರೂಮ್, ಈ ಸಲ ಕುರ್ಚಿಗಳು ಸುತ್ತಲೂ]

ಆಫೀಸಿಗೆ ಬಂದಾಗಲೂ ಒಳ್ಳೆಯ ಫೆಸಿಲಿಟೇಟರ್, ಅಂದರೆ ತರಬೇತಿ ನಡೆಸುವವರು, ಮೊದಲು ನೋಡೋದು ಸ್ಲೈಡ್ ಅಲ್ಲ, ರೂಮು. ಮ್ಯಾನೇಜರ್ ಎಲ್ಲಿ ಕೂತಿದ್ದಾರೆ, ಅವರು ಇರುವಾಗ ಯಾರ ಬಾಯಿ ಮುಚ್ಚುತ್ತೆ, ಇಂಗ್ಲಿಷ್ ಬರದ ಹೌಸ್‌ಕೀಪಿಂಗ್ ಅಕ್ಕಂದಿರನ್ನು ಕರೆದಿದ್ದಾರಾ ಇಲ್ಲವಾ. ಕೆಲವೊಮ್ಮೆ ಅವರಿಗೆ ಬೇರೆಯಾಗಿ, ಕನ್ನಡದಲ್ಲಿ, ಮೇಲ್ವಿಚಾರಕರಿಲ್ಲದೆ ಒಂದು ಸುತ್ತು ಮಾಡಬೇಕಾಗುತ್ತೆ. ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್ ಎದುರಿಗೆ ಸೂಪರ್‌ವೈಸರ್ ಬಗ್ಗೆ ಮಾತಾಡು ಅಂದರೆ ಯಾರು ಮಾತಾಡ್ತಾರೆ ಹೇಳಿ?

ತರಬೇತಿ ಒಂದು ಭಾಗ ಅಷ್ಟೇ. ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು, ಅದರಲ್ಲಿ ಹೊರಗಿನ ಸದಸ್ಯರೊಬ್ಬರೂ ಇರಬೇಕು. ಹೊರಗಿನ ಸದಸ್ಯರಾಗಿ ಕೂತ ಇವರ ಬೆಲೆ ಗೊತ್ತಾಗೋದು ದೂರು ಬಂದಾಗ. ‘ಕೂತು ರಾಜಿ ಮಾಡ್ಕೊಳ್ಳಿ’ ಅನ್ನುವ ಒತ್ತಡ ಶುರುವಾಗುತ್ತೆ. ಕಾನೂನಿನಲ್ಲಿ ರಾಜಿಗೆ ಅವಕಾಶ ಇದೆ, ಆದರೆ ದೂರು ಕೊಟ್ಟವಳೇ ಕೇಳಿದರೆ ಮಾತ್ರ, ಅದೂ ದುಡ್ಡಿನ ಮೇಲೆ ಆಗುವಂತಿಲ್ಲ. ಇದನ್ನು ಸಂಸ್ಥೆಯ ಸಂಬಳ ತಗೊಳ್ಳುವವರು ಗಟ್ಟಿಯಾಗಿ ಹೇಳೋದು ಕಷ್ಟ. ಅದಕ್ಕೇ ಹೊರಗಿನವರು ಬೇಕು.

ಇನ್ನು ಲಿಂಗ ಸಮಾನತೆಯ ಸಲಹೆಗಾರರು ಅಂತ ಇರುವವರು ಸಂಸ್ಥೆಯ ಕಾಗದಪತ್ರವನ್ನೂ ತೆಗೆದು ನೋಡುತ್ತಾರೆ. ಒಂದೇ ಹುದ್ದೆಗೆ ಸಂಬಳ ಒಂದೇ ಇದೆಯಾ? ಹೆರಿಗೆ ರಜೆಯಿಂದ ವಾಪಸ್ ಬಂದವರ ಬಡ್ತಿ ಏನಾಯ್ತು? 50 ಅಥವಾ ಹೆಚ್ಚು ಜನ ಇರುವಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕ್ರೆಶ್ ಇರಬೇಕು ಅಂತ ಕಾನೂನು ಹೇಳುತ್ತೆ, ಅದು ಎಲ್ಲಿದೆ?

[ತೆರೆಯ ಮೇಲೆ: ದಿನಕ್ಕೆ 200 ರೂಪಾಯಿ]

ಈ ಅಂಕಿ ನೋಡಿ. 2013ರ ನಿಯಮಗಳಲ್ಲಿ ಆಂತರಿಕ ಸಮಿತಿಯ ಹೊರಗಿನ ಸದಸ್ಯರಿಗೆ ಬರೆದಿರುವ ಭತ್ಯೆ ಇದು, ಜೊತೆಗೆ ಪ್ರಯಾಣದ ಖರ್ಚು. ಕಂಪನಿಗಳು ಇದಕ್ಕಿಂತ ಜಾಸ್ತಿ ಕೊಡಬಹುದು, ಕೊಡಬೇಕು. ಒಬ್ಬ ಹೆಣ್ಣುಮಗಳ ಕೆಲಸ, ಮಾನ, ಭವಿಷ್ಯ ನಿಂತಿರುವ ವಿಚಾರಣೆಗೆ ಕೂತವರ ಶ್ರಮಕ್ಕೆ ಇದು ಬೆಲೆಯೇ ಅಲ್ಲ. ‘ಸಮಾಜಸೇವೆ ತಾನೇ, ಫ್ರೀಯಾಗಿ ಬನ್ನಿ ಮೇಡಂ’ ಅನ್ನೋದನ್ನು ದಯವಿಟ್ಟು ಬಿಡಿ. ಹೆಂಗಸರ ಕೆಲಸಕ್ಕೆ ಸಂಬಳ ಯಾಕಿಲ್ಲ ಅಂತ ಕೇಳುವವರನ್ನೇ ಸಂಬಳವಿಲ್ಲದೆ ದುಡಿಸೋದು ಸರಿಯಲ್ಲ.

ನಿಮ್ಮ ಸಂಸ್ಥೆಗೆ ಯಾರನ್ನಾದರೂ ಕರೆಸೋದಿದ್ದರೆ, ಬರುವ ಮೊದಲು ಅವರು ನಿಮಗೆ ಎಷ್ಟು ಪ್ರಶ್ನೆ ಕೇಳಿದರು ನೋಡಿ. ಯಾರು ಬರುತ್ತಾರೆ, ಯಾವ ಭಾಷೆ, ಹಿಂದೆ ಏನಾಗಿತ್ತು, ತರಬೇತಿ ಆದಮೇಲೆ ಯಾರಾದರೂ ಬಾಯಿಬಿಟ್ಟರೆ ನೀವು ಏನು ಮಾಡ್ತೀರಿ? ಏನೂ ಕೇಳದೆ ರೇಟ್ ಮಾತ್ರ ಹೇಳಿದರೆ ಬೇರೆಯವರನ್ನು ಹುಡುಕಿ.

ನೌಕರರಿಗೆ ಒಂದು ಮಾತು. ಆಂತರಿಕ ಸಮಿತಿ ರಚಿಸಿದ ಆದೇಶವನ್ನು ಎಲ್ಲರಿಗೂ ಕಾಣುವ ಕಡೆ ಹಾಕಬೇಕು ಅಂತ ಕಾನೂನೇ ಹೇಳುತ್ತೆ. ಸಮಿತಿಯನ್ನೇ ಮಾಡದಿದ್ದರೆ ಮಾಲೀಕರಿಗೆ 50,000 ರೂಪಾಯಿವರೆಗೆ ದಂಡ. ದೂರು ಕೊಡಲು ಸಾಮಾನ್ಯವಾಗಿ ಮೂರು ತಿಂಗಳು ಸಮಯ. ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆ ಕೆಲಸ ಮಾಡುವವರು, ಮನೆಗೆಲಸದವರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ನಾಳೆ ಆಫೀಸಿಗೆ ಹೋದಾಗ ನೋಟಿಸ್ ಬೋರ್ಡ್ ನೋಡಿ, ಹೊರಗಿನ ಸದಸ್ಯರ ಹೆಸರು ಬರೆದಿಟ್ಟುಕೊಳ್ಳಿ. ಹೆಸರು ಇಲ್ಲದಿದ್ದರೆ ಎಚ್‌ಆರ್‌ಗೆ ಮೇಲ್ ಹಾಕಿ ಕೇಳಿ.