ಒಂದೇ ಸ್ಟೌಟ್, ಅರ್ಧ ಬಾಟಲಿಗೆ, ಅರ್ಧ ಕೆಗ್‌ಗೆ

ಇವತ್ತು ನಮ್ಮ ಮನೆಯಲ್ಲಿ ಸ್ಟೌಟ್, ಅಂದರೆ ಹುರಿದ ಬಾರ್ಲಿಯ ಕಪ್ಪು ಬಿಯರ್, ಇಳಿಸುವ ದಿನ. ಲಾಂಡ್ರಿ ರೂಮಿನ ಮೂಲೆಯಲ್ಲಿ ಅದು ಹುದುಗುತ್ತಿದ್ದ ಬಿಳಿ ಬಕೆಟ್ ಎರಡು ವಾರದಿಂದ ಕೂತಿತ್ತು. ಈಗ ಕೆಳಗಿನ ನಲ್ಲಿ ತಿರುಗಿಸಿ ಒಂದು ಲೋಟ ಹಿಡಿಯುತ್ತಿದ್ದೇನೆ, ನೋಡಿ, ಗಟ್ಟಿ ಡಿಕಾಕ್ಷನ್ ತರಹ ಕಪ್ಪು. ರಾಗಿ ಹುರಿಯುವಾಗ ಅಡುಗೆಮನೆ ತುಂಬಾ ಒಂದು ಘಮ ಹರಡುತ್ತದಲ್ಲ, ಉರಿ ಸ್ವಲ್ಪ ಜಾಸ್ತಿಯಾಗಿ ಅಂಚು ಸೀಯುವ ಮುಂಚಿನದು? ಅದೇ ವಾಸನೆ ಇಲ್ಲಿದೆ. ನನಗೆ ಸ್ಟೌಟ್ ಮೇಲೆ ಪ್ರೀತಿ ಹುಟ್ಟಿದ್ದೇ ಆ ವಾಸನೆಯಿಂದ.

ನಾವಿರುವುದು ಅಮೆರಿಕದ ಒರೆಗಾನ್‌ನಲ್ಲಿ, ಪೋರ್ಟ್‌ಲ್ಯಾಂಡ್ ಪಕ್ಕದ ಬೀವರ್ಟನ್. ಮನೆಯಲ್ಲಿ ಬಿಯರ್ ಮಾಡಿಕೊಳ್ಳಲು ಇಲ್ಲಿನ ಕೇಂದ್ರ ಸರ್ಕಾರ ಒಪ್ಪಿದ್ದು 1978ರಲ್ಲಿ, ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನಿನಿಂದ. ಇಬ್ಬರು ದೊಡ್ಡವರಿರುವ ಮನೆಗೆ ವರ್ಷಕ್ಕೆ 200 ಗ್ಯಾಲನ್, ಒಬ್ಬರೇ ಇದ್ದರೆ 100. ಮಾರುವ ಹಾಗಿಲ್ಲ. ಊರಿನಲ್ಲಿ ಕೂತು ನೋಡುತ್ತಿರುವವರಿಗೆ ಒಂದು ಮಾತು: ಕರ್ನಾಟಕದಲ್ಲಿ ಪರವಾನಗಿ ಇಲ್ಲದೆ ಮನೆಯಲ್ಲಿ ಇದನ್ನು ಮಾಡುವಂತಿಲ್ಲ, ದಯವಿಟ್ಟು ಮಾಡಬೇಡಿ.

ಬಿಯರ್ ಮಾಡುವ ಗೆಳೆಯರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ, ಬಾಟಲಿಗೆ ತುಂಬಿಸಬೇಕಾ, ಕೆಗ್ (ಬಿಯರ್ ತುಂಬಿಡುವ ದೊಡ್ಡ ಸ್ಟೀಲ್ ಪಾತ್ರೆ) ಕೊಳ್ಳಬೇಕಾ? ಬಾಟಲಿ ಅಂದರೆ ಹೊಸಬರಿಗೆ, ಕೆಗ್ ಅಂದರೆ ಕಲಿತವರಿಗೆ ಅಂತ ನಾನೂ ಬಹಳ ದಿನ ನಂಬಿದ್ದೆ. ಈ ಸಲ ಒಂದೇ ಬ್ಯಾಚನ್ನು ಎರಡು ಪಾಲು ಮಾಡಿ ನೋಡಿದೆ.

ಬ್ಯಾಚು 19 ಲೀಟರ್. ಮ್ಯಾರಿಸ್ ಆಟರ್ ಅನ್ನುವ ತಳಿಯ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 2.8 ಕೆಜಿ, ಫ್ಲೇಕ್ಡ್ ಬಾರ್ಲಿ (ಅವಲಕ್ಕಿ ತರಹ ಚಪ್ಪಟೆ ಮಾಡಿದ್ದು) 800 ಗ್ರಾಂ, ಕಪ್ಪಗೆ ಹುರಿದ ಬಾರ್ಲಿ 400 ಗ್ರಾಂ. ಕಹಿಗೆ ಹಾಕುವ ಹೂವು ಹಾಪ್ಸ್, ತಳಿ ಈಸ್ಟ್ ಕೆಂಟ್ ಗೋಲ್ಡಿಂಗ್ಸ್; ಹುದುಗಿಸಲು ಐರಿಷ್ ಏಲ್ ಯೀಸ್ಟ್. ಶುರುವಿನಲ್ಲಿ ಗ್ರಾವಿಟಿ, ಅಂದರೆ ನೀರಿಗೆ ಹೋಲಿಸಿದ ಸಾಂದ್ರತೆ, 1.044 ಇತ್ತು, ಯೀಸ್ಟ್ ಸಕ್ಕರೆ ತಿಂದಂತೆ ಇಳಿದು ಈಗ 1.010. ಅಂದರೆ ಆಲ್ಕೋಹಾಲ್ ಸುಮಾರು ನಾಲ್ಕೂವರೆ ಪರ್ಸೆಂಟ್. ಮೂರು ದಿನದಿಂದ ಗ್ರಾವಿಟಿ ಅಳೆಯುವ ಹೈಡ್ರೋಮೀಟರ್ ಅದೇ ಅಂಕಿ ತೋರಿಸುತ್ತಿದೆ, ಅದು ನನಗೆ ಬಹಳ ಮುಖ್ಯ, ಯಾಕೆಂದರೆ ಒಂದು ವರ್ಷ ಆತುರಕ್ಕೆ ಬಿದ್ದು 1.018 ಇರುವಾಗಲೇ ಬಾಟಲಿಗೆ ತುಂಬಿಸಿಬಿಟ್ಟಿದ್ದೆ, ಯೀಸ್ಟ್ ಇನ್ನೂ ಸಕ್ಕರೆ ತಿನ್ನುತ್ತಲೇ ಇತ್ತು, ಮೂರನೇ ವಾರ ರಾತ್ರಿ ಎರಡು ಬಾಟಲಿ ಒಡೆದು ಗಾಜು ಬಟ್ಟೆ ಬೀರು ತುಂಬಾ ಚೆಲ್ಲಿತ್ತು. ಆ ಹೊತ್ತಿನಲ್ಲಿ ಯಾರೂ ಹತ್ತಿರ ಇರಲಿಲ್ಲ. ಅಂದಿನಿಂದ ಹೈಡ್ರೋಮೀಟರ್ ಹೇಳದೆ ನಾನು ಮುಚ್ಚಳ ಒತ್ತಿಲ್ಲ. ಬಾಟಲಿಗಳನ್ನು ಮುಚ್ಚಳವಿರುವ ಪ್ಲಾಸ್ಟಿಕ್ ಡಬ್ಬದೊಳಗೇ ಇಡುತ್ತೇನೆ.

ಮೊದಲು ಬಾಟಲಿ ಪಾಲು. ಬಾಟಲಿಯಲ್ಲಿ ಗ್ಯಾಸ್ ಹುಟ್ಟಿಸುವುದು ಯೀಸ್ಟೇ. ಸ್ವಲ್ಪ ಸಕ್ಕರೆ ಕೊಟ್ಟು ಮುಚ್ಚಳ ಬಿಗಿದರೆ ಅದನ್ನು ತಿಂದು ಕಾರ್ಬನ್ ಡೈಆಕ್ಸೈಡ್ ಬಿಡುತ್ತದೆ, ಹೊರಗೆ ಹೋಗಲು ದಾರಿ ಇಲ್ಲದೆ ಅದು ಬಿಯರಿನಲ್ಲೇ ಕರಗುತ್ತದೆ. ಸ್ಟೌಟ್‌ಗೆ ಗ್ಯಾಸ್ ಕಡಿಮೆ ಇರಬೇಕು. ಲಾಗರ್‌ನಲ್ಲಿ (ಮಾಮೂಲಿ ತಿಳಿ ಬಣ್ಣದ ಬಿಯರ್) ಒಂದು ಲೀಟರಿಗೆ ಎರಡೂವರೆ ಲೀಟರ್ ಗ್ಯಾಸ್ ಕರಗಿರುತ್ತದೆ, ನನಗೆ ಇಲ್ಲಿ ಎರಡು ಸಾಕು. ಜಾಸ್ತಿಯಾದರೆ ಹುರಿದ ಬಾರ್ಲಿಯ ಕಹಿ ನಾಲಿಗೆಗೆ ಚುಚ್ಚುತ್ತದೆ, ಬಿಯರ್ ಬಾಯಲ್ಲಿ ತೆಳುವಾಗುತ್ತದೆ. 24 ಬಾಟಲಿ, ಒಂದೊಂದು 355 ಮಿಲಿ, ಅದಕ್ಕೆ 40 ಗ್ರಾಂ ಡೆಕ್ಸ್ಟ್ರೋಸ್ (ಒಂದು ಬಗೆಯ ಸಕ್ಕರೆ) ನೀರಿನಲ್ಲಿ ಕುದಿಸಿ ಬೆರೆಸಿದ್ದೇನೆ. ಐದು ಗ್ರಾಂ ಆಚೆ ಈಚೆ ಆದರೂ ಲೋಟದಲ್ಲಿ ಗೊತ್ತಾಗುತ್ತದೆ, ಮತ್ತೆ ತಿದ್ದಲು ಆಗುವುದಿಲ್ಲ.

ಕೆಲಸ ಜಾಸ್ತಿ, ನಿಜ. ಪ್ರತಿ ಬಾಟಲಿ ತೊಳೆಯಬೇಕು, ಸ್ಯಾನಿಟೈಸರ್‌ನಲ್ಲಿ ಅದ್ದಬೇಕು, ತುಂಬಬೇಕು, ಮುಚ್ಚಳ ಒತ್ತಬೇಕು. ಇದು ನನ್ನ ಹೆಂಡತಿಯ ಕೈ, ಮುಚ್ಚಳ ಒತ್ತುವ ಕೆಲಸ ಯಾವಾಗಲೂ ಅವಳದೇ. ಒಂದೂವರೆ ಗಂಟೆ ಇಬ್ಬರೂ ಅಕ್ಕಪಕ್ಕ ಕೂತು ಮಾತಾಡುತ್ತಾ ಮಾಡುತ್ತೇವೆ. ಅದು ನನಗೆ ಇಷ್ಟ. ಆಮೇಲೆ 20 ಡಿಗ್ರಿ ಆಸುಪಾಸಿನಲ್ಲಿ ಮೂರು ವಾರ ಮುಟ್ಟಬಾರದು. ಗ್ಯಾರೇಜ್ ತಣ್ಣಗಿರುತ್ತದೆ, ಅಲ್ಲಿಟ್ಟರೆ ಯೀಸ್ಟ್ ನಿದ್ದೆ ಹೋಗುತ್ತದೆ, ಅದಕ್ಕೇ ಬಟ್ಟೆ ಬೀರುವಿನ ತಳ.

ಉಳಿದ ಹತ್ತು ಲೀಟರ್ ಚಿಲ್ಲರೆ ಕೆಗ್‌ಗೆ. ಈ ಉದ್ದನೆಯ ಸ್ಟೀಲ್ ಪಾತ್ರೆಗೆ ಕಾರ್ನಿ ಕೆಗ್ ಅಂತಾರೆ. ಮೊದಲು ಪೆಪ್ಸಿ, ಕೋಕ್ ಸಿರಪ್ ಹೋಟೆಲುಗಳಿಗೆ ಹೋಗುತ್ತಿದ್ದದ್ದು ಇಂಥದರಲ್ಲೇ. ಅವರು ಡಬ್ಬದೊಳಗಿನ ಪ್ಲಾಸ್ಟಿಕ್ ಚೀಲಕ್ಕೆ ಬದಲಾದ ಮೇಲೆ ಹಳೇ ಕೆಗ್‌ಗಳು ನಮ್ಮಂಥವರ ಕೈಗೆ ಬಂದವು. ತೊಳೆಯುವುದು ಒಂದೇ ಪಾತ್ರೆ, ತುಂಬುವುದು ಒಂದೇ ಸಲ, ಇಪ್ಪತ್ತೇ ನಿಮಿಷ. ಇಲ್ಲಿ ಕಾರ್ಬನ್ ಡೈಆಕ್ಸೈಡ್ ಬರುವುದು ಯೀಸ್ಟಿನಿಂದಲ್ಲ, ಸಿಲಿಂಡರಿನಿಂದ. ಅರ್ಧ ಖಾಲಿ ಇರುವುದರಿಂದ ಒಳಗಿನ ಗಾಳಿಯನ್ನು ಹೊರಗೆ ತಳ್ಳಬೇಕು. ಗ್ಯಾಸ್ ಬಿಟ್ಟು ಮೇಲಿನ ವಾಲ್ವ್ ಎಳೆಯುವುದು, ಮತ್ತೆ ಬಿಡುವುದು, ಮತ್ತೆ ಎಳೆಯುವುದು, ಹತ್ತು ಸಲ ಮಾಡಿದೆ. ಆಮ್ಲಜನಕ ಉಳಿದರೆ ಬಿಯರಿಗೆ ಒದ್ದೆ ರಟ್ಟಿನ ರುಚಿ ಬರುತ್ತದೆ. ಬಾಟಲಿಯೊಳಗೆ ಕೆಲಸ ಮಾಡುವ ಯೀಸ್ಟ್ ಒಂದಷ್ಟು ಆಮ್ಲಜನಕ ನುಂಗಿಕೊಳ್ಳುತ್ತದೆ, ಕೆಗ್‌ನಲ್ಲಿ ಆ ಸಹಾಯ ಇಲ್ಲ.

ಇನ್ನೊಂದು ಎಚ್ಚರ. ಹೋದ ವರ್ಷ ಕೆಗ್ ಮುಚ್ಚಳದ ರಬ್ಬರ್ ರಿಂಗ್ ಸರಿಯಾಗಿ ಕೂತಿರಲಿಲ್ಲ, ಕುಕ್ಕರ್ ಗ್ಯಾಸ್ಕೆಟ್ ಸಡಿಲವಾದ ಹಾಗೆ, ಆದರೆ ಇಲ್ಲಿ ಸದ್ದೇ ಬರುವುದಿಲ್ಲ. ಬೆಳಗ್ಗೆ ಎದ್ದು ನೋಡಿದರೆ ಐದು ಪೌಂಡಿನ ಸಿಲಿಂಡರ್ ಪೂರ್ತಿ ಖಾಲಿ. ಈಗ ಪ್ರತಿ ಜೋಡಣೆಗೂ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತಾ ನೋಡುತ್ತೇನೆ. ಎಲ್ಲಾ ಸರಿ ಇದ್ದರೆ ಫ್ರಿಜ್‌ನಲ್ಲಿ 3 ಡಿಗ್ರಿ, ಒತ್ತಡ 6 ಪಿಎಸ್‌ಐ (ಚದರ ಇಂಚಿಗೆ ಪೌಂಡ್), ಒಂದು ವಾರ. ಗ್ಯಾಸ್ ಹೆಚ್ಚು ಅನಿಸಿದರೆ ಸ್ವಲ್ಪ ಬಿಟ್ಟರಾಯಿತು, ಕಡಿಮೆ ಅನಿಸಿದರೆ ಏರಿಸಿದರಾಯಿತು. ಸ್ಟೌಟ್ ಮಾಡುವವರಿಗೆ ಕೆಗ್‌ನ ದೊಡ್ಡ ಉಪಕಾರ ಇದೇ ಅಂತ ನನ್ನ ಅಭಿಪ್ರಾಯ.

ಪಬ್ಬಿನಲ್ಲಿ ಸಿಗುವ ಆ ಕೆನೆಯಂಥ ನೊರೆ ಬರುತ್ತಾ ಅಂದರೆ, ಬರೀ ಕಾರ್ಬನ್ ಡೈಆಕ್ಸೈಡ್‌ನಿಂದ ಬರುವುದಿಲ್ಲ. ಅದು ನೈಟ್ರೋಜನ್ ಕೆಲಸ. ಐರ್ಲೆಂಡಿನ ಹೆಸರಾಂತ ಸ್ಟೌಟ್ ಕಂಪನಿ ಗಿನ್ನೆಸ್‌ನಲ್ಲಿದ್ದ ಮೈಕಲ್ ಆಶ್ ಅನ್ನುವವರು ಗಣಿತ ಓದಿದವರು, ಅವರ ತಂಡ ಅದನ್ನು ಸಾಧಿಸಿ 1959ರಲ್ಲಿ ಹೊರಗೆ ತಂದಿತು. ನೈಟ್ರೋಜನ್ ಬಿಯರಿನಲ್ಲಿ ಕರಗುವುದೇ ತುಂಬಾ ಕಡಿಮೆ. ಸಣ್ಣ ತೂತುಗಳಿರುವ ತಟ್ಟೆಯ ಮೂಲಕ ನೂಕಿದಾಗ ಪುಡಿಪುಡಿ ಗುಳ್ಳೆಯಾಗಿ ಹೊರಗೆ ಬರುತ್ತದೆ. ಅದಕ್ಕೆ ಬೇರೆ ಸಿಲಿಂಡರ್, ಬೇರೆ ನಲ್ಲಿ ಬೇಕು, ನನ್ನ ಬಳಿ ಇಲ್ಲ. ನಾನು ಮಾಡುವುದು ಇಷ್ಟು: ಔಷಧಿ ಕುಡಿಸುವ ಹೊಸ ಸಿರಿಂಜ್‌ನಲ್ಲಿ ಲೋಟದಿಂದಲೇ ಸ್ವಲ್ಪ ಬಿಯರ್ ಎಳೆದು ಜೋರಾಗಿ ಮತ್ತೆ ಅದರೊಳಗೇ ಚಿಮ್ಮಿಸುವುದು. ಕಾಫಿಯನ್ನು ಎತ್ತಿ ಸುರಿದು ನೊರೆ ಬರಿಸುತ್ತೇವಲ್ಲ, ಆ ತರಹ. ನೋಡಿ, ಹೇಗೆ ಕೆನೆ ಕಟ್ಟಿತು!

ಇಳಿಸಿದ ದಿನದ ಕೆಲಸ ಅಷ್ಟು, ಇನ್ನು ಆಮೇಲಿನ ಕಥೆ. ಮೂರು ವಾರದ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಕುಡಿದೆವು. ಅವತ್ತು ಕೆಗ್ ಗೆದ್ದಿತು, ಅನುಮಾನವೇ ಇಲ್ಲ. ನುಣುಪು, ಕಾಫಿ ರುಚಿ ಎದ್ದು ಬರುತ್ತಿತ್ತು. ಬಾಟಲಿಯದು ಸ್ವಲ್ಪ ಒರಟು, ತಳದಲ್ಲಿ ಯೀಸ್ಟಿನ ಗಸಿ, ಕೊನೆಯ ಒಂದು ಗುಟುಕು ಬಾಟಲಿಯಲ್ಲೇ ಬಿಡಬೇಕು. ಹತ್ತನೇ ವಾರಕ್ಕೆ ಮತ್ತೆ ನೋಡಿದಾಗ ಬಾಟಲಿಯ ಸ್ಟೌಟ್ ದುಂಡಾಗಿತ್ತು, ಆ ಸುಟ್ಟ ಕಹಿ ಚಾಕಲೇಟಿನ ಕಡೆಗೆ ಹೊರಳಿತ್ತು. ಕೆಗ್‌ನದು ಬಹುಪಾಲು ಹಾಗೇ ಇತ್ತು. ಯೋಚಿಸಿದರೆ ಇದರಲ್ಲಿ ಪಾತ್ರೆಯ ಪಾಲಿಗಿಂತ ಚಳಿಯ ಪಾಲು ಜಾಸ್ತಿ. ಕೆಗ್ ಇದ್ದದ್ದು 3 ಡಿಗ್ರಿಯಲ್ಲಿ, ಬಾಟಲಿಗಳು 20ರಲ್ಲಿ, ಬೆಚ್ಚಗಿದ್ದದ್ದು ಬೇಗ ಮಾಗಿತು. ಮೂರು ವಾರದ ನಂತರ ಅರ್ಧ ಬಾಟಲಿ ಫ್ರಿಜ್‌ಗೆ ಇಟ್ಟಿದ್ದರೆ ಇನ್ನೂ ಚೆನ್ನಾಗಿ ಗೊತ್ತಾಗುತ್ತಿತ್ತು, ಮುಂದಿನ ಸಲ ಹಾಗೇ ಮಾಡುತ್ತೇನೆ.

ಹಾಗಾಗಿ ಈ ನಾಲ್ಕೂವರೆ ಪರ್ಸೆಂಟಿನ ಸ್ಟೌಟ್, ಸಂಜೆ ಒಂದು ಲೋಟ ಅಂತ ಒಂದೂವರೆ ತಿಂಗಳಲ್ಲಿ ಮುಗಿಯುವಂಥದ್ದು, ಇನ್ನು ಮೇಲೆ ಕೆಗ್‌ಗೇ. ಅದರಲ್ಲೂ ಆರು ಬಾಟಲಿ ಮಾತ್ರ ಬೇರೆ ತುಂಬಿಸುತ್ತೇನೆ. ಸಿಯಾಟಲ್‌ನಲ್ಲಿರುವ ಭಾವನ ಮನೆಗೆ ಹೋಗುವಾಗ ಫ್ರಿಜ್ ಸಮೇತ ಕೆಗ್ ಹೊತ್ತುಕೊಂಡು ಹೋಗಲು ಆಗುತ್ತಾ? ಅವರು ಬಾಗಿಲು ತೆಗೆದ ತಕ್ಷಣ ಕೇಳುವುದೇ "ಈ ಸಲ ಎಷ್ಟು ತಂದಿದೀಯಪ್ಪ" ಅಂತ.

ಮುಂದಿನ ಬ್ಯಾಚು ಇಂಪೀರಿಯಲ್ ಸ್ಟೌಟ್, ಒಂಬತ್ತು ಪರ್ಸೆಂಟಿನದು, ವರ್ಷಗಟ್ಟಲೆ ಇಡುವಂಥದ್ದು. ಅದು ಪೂರ್ತಿ ಬಾಟಲಿಗೆ. ಹಾಪ್ಸ್ ಬಂದಿದೆ, ಮಾಲ್ಟ್ ಶನಿವಾರ ಬರುತ್ತದೆ. ಬಾಟಲಿಗಳ ಲೇಬಲ್ ಕಿತ್ತು ನೆನೆಸಿಟ್ಟಿದ್ದೇನೆ, ಅದೋ ಆ ಟಬ್ಬಿನಲ್ಲಿ, ಇನ್ನೂ ಮೂವತ್ತು ಉಜ್ಜುವುದಿದೆ.