ತಕ್ಕಡಿ ಯಾರ ಕೈಲಿದೆ ನೋಡಿ

ಕೇಳುಗರಿಗೆಲ್ಲ ನಮಸ್ಕಾರ.

ಬೇಸಿಗೆ ರಜೆಗೆ ಮಧ್ಯಪ್ರದೇಶದ ಕಾನ್ಹಾ ಕಾಡಿಗೆ ಹೋಗುವವರು ನಮ್ಮಲ್ಲಿ ಈಗ ಜಾಸ್ತಿ ಆಗಿದ್ದಾರೆ. ಜಬಲ್ಪುರದಲ್ಲಿ ರೈಲು ಇಳಿಯುತ್ತಾರೆ, ಟ್ಯಾಕ್ಸಿ ಹಿಡಿಯುತ್ತಾರೆ, ಮರುದಿನ ಬೆಳಗಾಗುವ ಮುಂಚೆ ಜೀಪಿನಲ್ಲಿ ಕೂತಿರುತ್ತಾರೆ. ವಾಪಸ್ ಬಂದವರನ್ನು ಏನು ನೋಡಿದ್ರಿ ಅಂತ ಕೇಳಿದರೆ ಎರಡೇ ಉತ್ತರ. ಹುಲಿ ಕಂಡಿತು, ಇಲ್ಲವೇ ಹುಲಿ ಕಾಣಲಿಲ್ಲ. ಸಂತೆಗೆ ಹೋಗಿದ್ರಾ ಅಂದರೆ 'ಯಾವ ಸಂತೆ?' ಅಂತಾರೆ. ನನಗೆ ಬೇಜಾರಾಗುತ್ತದೆ.

ಕಾನ್ಹಾದ ಸುತ್ತ, ಮಂಡ್ಲಾ ಮತ್ತು ಬಾಲಾಘಾಟ್ ಜಿಲ್ಲೆಗಳಲ್ಲಿ, ಗೊಂಡರು ಮತ್ತು ಬೈಗಾ ಎಂಬ ಆದಿವಾಸಿ ಜನ ಇದ್ದಾರೆ. 1955ರಲ್ಲಿ ಕಾನ್ಹಾ ರಾಷ್ಟ್ರೀಯ ಉದ್ಯಾನ ಆಯಿತು, 1973ರಲ್ಲಿ ಹುಲಿ ಯೋಜನೆ ಬಂತು. ಒಳಗಿದ್ದ ಎಷ್ಟೋ ಹಳ್ಳಿಗಳನ್ನು ಹೊರಗೆ ತಂದರು. ಈಗ ಕಾಡಿನ ಅಂಚಿನ ಈ ಜನರೆಲ್ಲ ಒಂದೆಡೆ ಸೇರುವುದು ವಾರದ ಸಂತೆಯಲ್ಲಿ. ಅಲ್ಲಿ ಅದಕ್ಕೆ ಹಾಟ್ ಅನ್ನುತ್ತಾರೆ. ಒಂದೊಂದು ಊರಲ್ಲಿ ವಾರದ ಒಂದೊಂದು ದಿನ. ನೀವು ಉಳಿದುಕೊಂಡ ಕಡೆ ಕೇಳಿದರೆ ಹೇಳುತ್ತಾರೆ. ಬುಧವಾರ ಮಧ್ಯಾಹ್ನ ಸಫಾರಿ ಹೇಗೂ ಇರುವುದಿಲ್ಲ. ಆವತ್ತು ಹತ್ತಿರದಲ್ಲಿ ಸಂತೆ ಇದ್ದರೆ ಕೋಣೆಯಲ್ಲಿ ಮಲಗಬೇಡಿ, ಎದ್ದು ಹೊರಡಿ.

ಹೋದಾಗ ಏನು ನೋಡಬೇಕು? ಬಣ್ಣದ ಸೀರೆ, ಬೆಳ್ಳಿ ಸರ, ಹಣೆಯ ಹಚ್ಚೆ, ಇವೆಲ್ಲ ತಾವಾಗಿಯೇ ಕಣ್ಣಿಗೆ ಬೀಳುತ್ತವೆ. ನಾನು ಹೇಳುವುದು ಒಂದೇ ಮಾತು. ತಕ್ಕಡಿ ನೋಡಿ. ಅದು ಯಾರ ಕೈಲಿದೆ ನೋಡಿ.

ಕಾಡಿನ ಉತ್ಪನ್ನಗಳ ಅಧ್ಯಯನಕ್ಕೆ ಅಂತ ಆ ಕಡೆ ಓಡಾಡಿದವನು ನಾನು. ಅದು ಏಪ್ರಿಲ್ ತಿಂಗಳು, ಹಿಪ್ಪೆ ಹೂವಿನ ಕಾಲ. ಅವರು ಮಹುವಾ ಅನ್ನುತ್ತಾರೆ. ಈ ಹೂವನ್ನು ಮರ ಹತ್ತಿ ಕೀಳುವುದಿಲ್ಲ. ರಾತ್ರಿಯಿಂದ ಬೆಳಗಿನವರೆಗೆ ತಾನೇ ಉದುರುತ್ತದೆ. ಅದಕ್ಕೇ ಮರದ ಬುಡ ಗುಡಿಸಿಟ್ಟು, ಇನ್ನೂ ಕತ್ತಲಿರುವಾಗಲೇ ಬುಟ್ಟಿ ಹಿಡಿದು ಹೋಗಬೇಕು. ತಡವಾದರೆ ಜಿಂಕೆ ತಿನ್ನುತ್ತದೆ. ಕರಡಿಗೂ ಈ ಹೂವು ಅಂದರೆ ಪ್ರಾಣ. ಹೂವು ಆಯಲು ಹೋಗಿ ಕರಡಿ ಕೈಗೆ ಸಿಕ್ಕವರು ಪ್ರತಿ ವರ್ಷ ಇದ್ದಾರೆ. ಆಮೇಲೆ ಅಂಗಳದಲ್ಲಿ ಒಣಗಿಸಬೇಕು. ಒಣಗಿದ ಮೇಲೆ ತೂಕ ಅರ್ಧಕ್ಕಿಂತ ಕಡಿಮೆ.

ಆ ದಿನ ಸಂತೆಗೆ ಇನ್ನೂ ಅರ್ಧ ಮೈಲಿ ಇರುವಾಗಲೇ, ಸಾಲ್ ಮರದ ನೆರಳಲ್ಲಿ ಒಬ್ಬ ವ್ಯಾಪಾರಿ ತಕ್ಕಡಿ ಇಟ್ಟುಕೊಂಡು ಕೂತಿದ್ದ. ಇಂಥವರನ್ನು ಅಲ್ಲಿ ಕೋಚಿಯಾ ಅನ್ನುತ್ತಾರೆ. ಅಲ್ಲೇ ಪಕ್ಕದಲ್ಲಿ ಒಬ್ಬ ಬೈಗಾ ಹೆಂಗಸು ಬುಟ್ಟಿ ಇಳಿಸಿ ಸುಧಾರಿಸಿಕೊಳ್ಳುತ್ತಿದ್ದಳು. 'ದಾಯಿ, ನಾನೊಮ್ಮೆ ತೂಗಿ ನೋಡಲಾ?' ಅಂದೆ. ದಾಯಿ ಅಂದರೆ ಅವರಲ್ಲಿ ಅಮ್ಮ. ನನ್ನ ಚೀಲದಲ್ಲಿ ಸ್ಪ್ರಿಂಗ್ ತಕ್ಕಡಿ ಇತ್ತು. ತೂಗಿದೆ, ಬುಟ್ಟಿ ಕಳೆದು ಒಂಬತ್ತು ಕಿಲೋ. ವ್ಯಾಪಾರಿ ತೂಗಿದ, ಏಳೂವರೆ. ಅದರಲ್ಲೂ 'ಹೂವು ಸರಿಯಾಗಿ ಒಣಗಿಲ್ಲ' ಅಂತ ಅರ್ಧ ಕಿಲೋ ಕಡಿದ. ನಾನು ಕೈಯಲ್ಲಿ ಹಿಡಿದರೆ ಆ ಹೂವು ಒಣದ್ರಾಕ್ಷಿ ಹಾಗೆ ಸುಕ್ಕಾಗಿತ್ತು!

ನನಗೆ ಸಿಟ್ಟು ಬಂತು. ಅವಳಿಗೆ ಬರಲಿಲ್ಲ. ದುಡ್ಡು ಸೆರಗಿಗೆ ಕಟ್ಟಿಕೊಂಡು ಸಂತೆ ಕಡೆ ಹೊರಟಳು. ನಾನೂ ಹಿಂದೆ ಹೋದೆ. ಉಪ್ಪು, ಎಣ್ಣೆ, ಒಣಮೀನು, ಮೊಮ್ಮಗಳಿಗೆ ಒಂದು ಮಣಿಸರ ಕೊಂಡಳು. ಕೊನೆಗೆ ಕೇಳಿಯೇಬಿಟ್ಟೆ, 'ದಾಯಿ, ತೂಕದಲ್ಲಿ ಮೋಸ ಆಯ್ತಲ್ಲ, ಗೊತ್ತಾಗಲಿಲ್ವಾ?' ಅವಳು ನಿಂತು ನನ್ನನ್ನು ನೋಡಿದಳು. 'ನನ್ನ ಬುಟ್ಟಿ ಎಷ್ಟು ಹಿಡಿಯುತ್ತೆ ಅಂತ ನನಗೆ ಗೊತ್ತಿಲ್ವಾ ಮಗಾ? ಹೋದ ಮಳೆಗಾಲದಲ್ಲಿ ಮನೆಯಲ್ಲಿ ಅಕ್ಕಿ ಇರಲಿಲ್ಲ. ಸಾಲ ಕೊಟ್ಟವನು ಅವನೇ.'

ಎಷ್ಟೋ ವರ್ಷ ಆಯಿತು, ಆ ಮಾತು ನನ್ನನ್ನು ಬಿಟ್ಟಿಲ್ಲ. ಹೂವು ಉದುರುವ ಮುಂಚೆಯೇ ಅದು ಮಾರಾಟವಾಗಿರುತ್ತದೆ. ಕಾಡಿನ ಕಿರು ಉತ್ಪನ್ನ ಆಯ್ದು ಮಾರುವ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯ್ದೆ ಈ ಜನರಿಗೆ ಕೊಟ್ಟಿದೆ. ಹಿಪ್ಪೆ ಹೂವಿಗೆ ಸರ್ಕಾರದ ಬೆಂಬಲ ಬೆಲೆಯೂ ಇದೆ. ಇದ್ದರೂ ಮಳೆಗಾಲದ ಅಕ್ಕಿ ಯಾರು ಕೊಡುತ್ತಾರೋ, ತಕ್ಕಡಿ ಅವರ ಕೈಲೇ ಇರುತ್ತದೆ.

ಇನ್ನು ಸಮಯ ಕಮ್ಮಿ ಇದೆ, ಬೇಗ ಹೇಳುತ್ತೇನೆ. ನೀವು ಕೊಳ್ಳುವಾಗಲೂ ತಕ್ಕಡಿ ನೋಡಿ. ಆಯ್ದು ತಂದವರೇ ಕೂತು ಅಳೆದು ಕೊಡುವ ಕಡೆ ಕೊಳ್ಳಿ. ನೆಲದ ಮೇಲೆ ಬಟ್ಟೆ ಹಾಸಿ, ಡಬ್ಬದಲ್ಲೋ ಬೊಗಸೆಯಲ್ಲೋ ಅಳೆಯುತ್ತಿರುತ್ತಾರೆ, ಅವರೇ. ಅಲ್ಲಿ ಹಾರಕ ಸಿಗುತ್ತದೆ, ಅವರ ಕೋದೋ. ಸಾಮೆ ಸಿಗುತ್ತದೆ, ಅದು ಕುಟ್ಕಿ. ಪಾಯಸಕ್ಕೆ ಹಾಕುವ ಚಾರೋಳಿ ಸಿಗುತ್ತದೆ. ಚಾರೋಳಿಯ ಗಟ್ಟಿ ಬೀಜ ಸುಮಾರು ಐದು ಕಿಲೋ ಒಡೆದರೆ ಒಂದು ಕಿಲೋ ತಿರುಳು. ದಯವಿಟ್ಟು ಅಲ್ಲಿ ಚೌಕಾಸಿ ಮಾಡಬೇಡಿ. ಈ ಚಾರೋಳಿಗೇ ಹಿಂದೆ ವ್ಯಾಪಾರಿಗಳು ತೂಕಕ್ಕೆ ತೂಕ ಉಪ್ಪು ಕೊಟ್ಟು ಒಯ್ಯುತ್ತಿದ್ದರು.

ಫೋಟೋ ತೆಗೆಯುವ ಮುಂಚೆ ಕೇಳಿ. ಬೇಡ ಅಂದರೆ ಕ್ಯಾಮೆರಾ ಕೆಳಗಿಡಿ, ಸುಮ್ನೆ ಪಕ್ಕದಲ್ಲಿ ಕೂತು ಮಾತಾಡಿ. ಹತ್ತು, ಇಪ್ಪತ್ತು ರೂಪಾಯಿ ನೋಟು ಜಾಸ್ತಿ ಇಟ್ಟುಕೊಳ್ಳಿ, ಐನೂರಕ್ಕೆ ಅಲ್ಲಿ ಚಿಲ್ಲರೆ ಹುಟ್ಟುವುದಿಲ್ಲ. ಒಂದು ಬಟ್ಟೆ ಚೀಲವೂ ಇರಲಿ. ಸಂತೆಗೆ ಒಂದು ಮೈಲಿ ಇರುವಾಗಲೇ ಕಾರು ಇಳಿದು ನಡೆಯಿರಿ. ಮರದ ನೆರಳಲ್ಲಿ ಕೂತ ಆ ತಕ್ಕಡಿ ಕಾರಿನ ಕಿಟಕಿಯಿಂದ ಕಾಣುವುದಿಲ್ಲ.

ನಮಸ್ಕಾರ.