ತಿವಾನಾಕು: ಅರ್ಧ ದಿನದಲ್ಲಿ ಏನು ನೋಡಬೇಕು, ಗೈಡ್‌ಗೆ ಏನು ಕೇಳಬೇಕು

(ದೃಶ್ಯ: ಲಾ ಪಾಜ್ ನಗರ, ಬೆಳಗಿನ ಹೊತ್ತು. ಹಿಂದೆ ಇಲಿಮಾನಿ ಹಿಮಶಿಖರ.)

ನಮಸ್ಕಾರ. ಬೊಲಿವಿಯಾದ ಲಾ ಪಾಜ್‌ನಲ್ಲಿ ಯಾವ ಟೂರ್ ಆಫೀಸಿನ ಮುಂದೆ ನಿಂತರೂ ಒಂದು ಹೆಸರು ಕಣ್ಣಿಗೆ ಬೀಳುತ್ತದೆ: ತಿವಾನಾಕು, ಅರ್ಧ ದಿನ, ಗೈಡ್ ಸಮೇತ. ಇದು ಪಾಳು ಬಿದ್ದ ಒಂದು ಪುರಾತನ ನಗರ. ಹೋಗಿ ಬಂದವರನ್ನು ಕೇಳಿದರೆ ಅರ್ಧ ಜನ ‘ಅಬ್ಬಾ’ ಅನ್ನುತ್ತಾರೆ, ಇನ್ನರ್ಧ ಜನ ‘ಅಷ್ಟೇನಾ’ ಅನ್ನುತ್ತಾರೆ. ‘ಅಷ್ಟೇನಾ’ ಅಂದವರ ತಪ್ಪೇನೂ ಇಲ್ಲ. ಪೆರುವಿನ ಮಾಚು ಪಿಚುವಿನಲ್ಲಿ ಬೆಟ್ಟ, ಮೋಡ, ಊರು ಎಲ್ಲ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಇಲ್ಲಿ ಬಯಲು, ಗಾಳಿ, ಅಲ್ಲಲ್ಲಿ ಕಲ್ಲು. ಅದರಲ್ಲೂ ಹಲವು ಕಲ್ಲುಗಳು ಮೊದಲಿದ್ದ ಜಾಗದಲ್ಲಿ ಇಲ್ಲ.

ಅದಕ್ಕೇ ಈ ವಿಡಿಯೋ. ಗೈಡ್ ಹೇಳಿದ್ದನ್ನೆಲ್ಲ ಸುಮ್ನೆ ಕೇಳಿಸಿಕೊಂಡು ಬರಬೇಡಿ. ಪ್ರತಿ ಜಾಗದಲ್ಲೂ ಒಂದು ಪ್ರಶ್ನೆ ಕೇಳಿ: ‘ಇದು ಮೊದಲಿಂದ ಹೀಗೇ ಇತ್ತಾ, ಆಮೇಲೆ ಯಾರಾದರೂ ಕಟ್ಟಿದ್ದಾ?’ ಈ ಒಂದು ಪ್ರಶ್ನೆ ಇಟ್ಟುಕೊಂಡರೆ ತಿವಾನಾಕು ಬೇರೆಯೇ ಕಾಣಿಸುತ್ತದೆ.

(ದೃಶ್ಯ: ವ್ಯಾನಿನ ಕಿಟಕಿಯಿಂದ ಎಲ್ ಆಲ್ಟೋ ಬೀದಿಗಳು, ಆಮೇಲೆ ಬಯಲು.)

ಮೊದಲು ದಾರಿ. ಲಾ ಪಾಜ್‌ನಿಂದ ಸುಮಾರು 70 ಕಿಲೋಮೀಟರ್. ಲಾ ಪಾಜ್‌ಗೆ ಅಂಟಿಕೊಂಡಿರುವ ಎಲ್ ಆಲ್ಟೋ ನಗರದ ಟ್ರಾಫಿಕ್ ದಾಟಬೇಕು, ಹಾಗಾಗಿ ಒಂದೂವರೆ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. ಅಂದರೆ ‘ಅರ್ಧ ದಿನ’ ಅನ್ನುವುದರಲ್ಲಿ ದೊಡ್ಡ ಪಾಲು ವ್ಯಾನಿನಲ್ಲೇ ಕಳೆಯುತ್ತದೆ. ದಾರಿಯಲ್ಲಿ ಲಾಹಾ ಅನ್ನುವ ಸಣ್ಣ ಊರು ಸಿಗುತ್ತದೆ. 1548ರಲ್ಲಿ ಸ್ಪೇನಿನವರು ಲಾ ಪಾಜ್ ನಗರವನ್ನು ಮೊದಲು ಸ್ಥಾಪಿಸಿದ್ದು ಅಲ್ಲಿ. ಆಮೇಲೆ ಗಾಳಿ ಕಮ್ಮಿ ಇರುವ ಈಗಿನ ಕಣಿವೆಗೆ ಇಳಿದರು.

ತಿವಾನಾಕು ಇರುವುದು ಸಮುದ್ರ ಮಟ್ಟದಿಂದ ಸುಮಾರು 3,850 ಮೀಟರ್ ಎತ್ತರದಲ್ಲಿ. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತದೆ. ವಿಮಾನ ಇಳಿದ ಮರುದಿನವೇ ಹೊರಡಬೇಡಿ, ಒಂದೆರಡು ದಿನ ಲಾ ಪಾಜ್‌ನಲ್ಲೇ ನಿಧಾನವಾಗಿ ಓಡಾಡಿಕೊಂಡಿರಿ. ಟೋಪಿ, ಸನ್‌ಸ್ಕ್ರೀನ್, ದಪ್ಪ ಜಾಕೆಟ್, ಮೂರೂ ಬೇಕು. ಬಿಸಿಲು ಸುಡುತ್ತಿರುತ್ತದೆ, ನೆರಳಿಗೆ ಬಂದರೆ ಚಳಿ.

(ದೃಶ್ಯ: ನಕ್ಷೆ. ಟಿಟಿಕಾಕಾ ಸರೋವರ, ಅದರ ದಕ್ಷಿಣಕ್ಕೆ ತಿವಾನಾಕು.)

ಇದನ್ನು ಕಟ್ಟಿದವರು ಮಾಚು ಪಿಚು ಕಟ್ಟಿದ ಇಂಕಾಗಳಲ್ಲ. ಇದು ಅವರಿಗಿಂತ ನೂರಾರು ವರ್ಷ ಹಳೆಯದು. ಸುಮಾರು ಕ್ರಿ.ಶ. 500ರಿಂದ 1000ದವರೆಗೆ ಈ ನಗರ ಜೋರಾಗಿತ್ತು. ಇಂಕಾಗಳು ಇಲ್ಲಿಗೆ ಬರುವ ಹೊತ್ತಿಗೆ ಊರು ಪಾಳು ಬಿದ್ದು ಎಷ್ಟೋ ಕಾಲವಾಗಿತ್ತು. ಆದರೂ ಅವರು ಇದನ್ನು ಬಿಡಲಿಲ್ಲ. ವಿರಕೋಚಾ ದೇವರು ಮನುಷ್ಯರನ್ನು ಸೃಷ್ಟಿಸಿದ್ದು ಇಲ್ಲೇ ಎಂದು ಕಥೆ ಹೇಳಿಕೊಂಡರು. 1549ರಲ್ಲಿ ಪೆದ್ರೋ ಸೀಸಾ ದೆ ಲಿಯೋನ್ ಎಂಬ ಸ್ಪೇನಿನ ಬರಹಗಾರ ಇಲ್ಲಿಗೆ ಬಂದು ಊರಿನವರನ್ನು ‘ಇದನ್ನು ಇಂಕಾಗಳು ಕಟ್ಟಿದ್ದಾ?’ ಎಂದು ಕೇಳಿದ. ಅವರು ನಕ್ಕರಂತೆ. ಇದು ಅವರಿಗಿಂತ ಎಷ್ಟೋ ಮೊದಲಿನದು ಅಂದರಂತೆ. ಪುರಾತತ್ವದವರು ಆಮೇಲೆ ಅಗೆದು ತೆಗೆದು ಹೇಳಿದ್ದೂ ಅದನ್ನೇ.

ಇಲ್ಲಿನವರಿಗೆ ಲಿಪಿ ಇರಲಿಲ್ಲ. ಶಾಸನ ಇಲ್ಲ, ರಾಜನ ಹೆಸರಿಲ್ಲ. ಇರುವುದು ಕಲ್ಲು, ಮಡಕೆ, ಮೂಳೆ, ಹೊಲ. ಹಾಗಾಗಿ ಗೈಡ್ ಯಾರಾದರೂ ‘ಆ ರಾಜ ಈ ಯುದ್ಧ ಗೆದ್ದಾಗ’ ಎಂದು ಶುರು ಮಾಡಿದರೆ ಹುಷಾರಾಗಿರಿ.

(ದೃಶ್ಯ: ಅಕಪಾನಾ ದಿಬ್ಬ.)

ಒಳಗೆ ಹೋದ ಕೂಡಲೇ ಕಾಣುವುದು ಅಕಪಾನಾ. ಮೊದಲ ನೋಟಕ್ಕೆ ಮಣ್ಣಿನ ಗುಡ್ಡ. ಹತ್ತಿರ ಹೋದರೆ ಕಲ್ಲಿನ ಅಂಚು ಕಾಣಿಸುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ದಿಬ್ಬ ಇದು, ಎತ್ತರ ಸುಮಾರು 17 ಮೀಟರ್. ಒಳಗೆ ಕಲ್ಲಿನ ಕಾಲುವೆಗಳಿವೆ. ಮೇಲೆ ಬಿದ್ದ ಮಳೆನೀರು ಅವುಗಳಲ್ಲಿ ಹರಿದು ಕೆಳಕ್ಕೆ ಇಳಿಯುತ್ತಿತ್ತು. ಮಳೆಗಾಲದಲ್ಲಿ ಈ ದಿಬ್ಬ ನೀರಿನ ಸದ್ದು ಮಾಡುತ್ತಿದ್ದಿರಬೇಕು ಎನ್ನುವ ಪುರಾತತ್ವ ತಜ್ಞರೂ ಇದ್ದಾರೆ.

ಮೇಲೆ ಹತ್ತಿದರೆ ನಡುವೆ ದೊಡ್ಡ ಹಳ್ಳ. ಇದು ಹಳೆಯ ಕಾಲದ ಕೊಳ ಅಂದುಕೊಳ್ಳಬೇಡಿ. ಸ್ಪೇನಿನವರ ಆಳ್ವಿಕೆಯಲ್ಲಿ ನಿಧಿಗಳ್ಳರು ತೋಡಿದ್ದು. ನಿಧಿ ಆಸೆಗೆ ಗರ್ಭಗುಡಿ ಅಗೆಯುವವರನ್ನು ನಾವೂ ನೋಡಿದ್ದೇವಲ್ಲ, ಅದೇ ಜಾತಿ. ಇಷ್ಟು ಸಾಲದು ಅಂತ, ಇತ್ತೀಚೆಗೆ ಸರ್ಕಾರಿ ಖರ್ಚಿನಲ್ಲೇ ದಿಬ್ಬಕ್ಕೆ ಹಸಿ ಇಟ್ಟಿಗೆಯ ಹೊದಿಕೆ ಹಾಕಿದರು. ಮೊದಲು ಹಾಗಿತ್ತು ಅನ್ನಲು ಆಧಾರ ಇರಲಿಲ್ಲ. ಯುನೆಸ್ಕೋ ಆಕ್ಷೇಪಿಸಿದ ಮೇಲೆ 2009ರಲ್ಲಿ ಕೆಲಸ ನಿಂತಿತು. ಜೀರ್ಣೋದ್ಧಾರದ ಹೆಸರಲ್ಲಿ ಏನೇನೆಲ್ಲ ನಡೆಯುತ್ತದೆ ಎನ್ನುವುದು ನಮಗೆ ಹೊಸದಲ್ಲ, ಅಲ್ವಾ?

(ದೃಶ್ಯ: ಅರೆ ನೆಲಮಾಳಿಗೆ ಗುಡಿ. ಗೋಡೆಯಿಂದ ಹೊರಚಾಚಿದ ಕಲ್ಲಿನ ತಲೆಗಳು.)

ಅಕಪಾನಾದ ಪಕ್ಕದಲ್ಲೇ ನೆಲದಿಂದ ಸುಮಾರು ಎರಡು ಮೀಟರ್ ಕೆಳಗೆ ಇಳಿದ ಚೌಕ ಅಂಗಳ. ನನ್ನ ಲೆಕ್ಕದಲ್ಲಿ ಇಡೀ ತಿವಾನಾಕುವಿನಲ್ಲಿ ಜಾಸ್ತಿ ಹೊತ್ತು ನಿಲ್ಲಬೇಕಾದ ಜಾಗ ಇದು. ನಾಲ್ಕೂ ಗೋಡೆಗಳಲ್ಲಿ ನೂರಕ್ಕೂ ಹೆಚ್ಚು ಕಲ್ಲಿನ ತಲೆಗಳು ಹೊರಚಾಚಿವೆ. ಒಂದಕ್ಕೆ ಅಗಲ ಮೂಗು, ಇನ್ನೊಂದಕ್ಕೆ ಪೇಟದಂಥ ಟೋಪಿ, ಮತ್ತೊಂದು ಸವೆದು ಸವೆದು ಬರೀ ಎರಡು ಕುಳಿ. ಯಾರ ಮುಖಗಳು ಇವು? ಗೆದ್ದ ಊರುಗಳ ಜನ, ಪೂರ್ವಜರು, ಬೇರೆ ಬೇರೆ ಕುಲಗಳ ಹಿರಿಯರು: ಹೀಗೆ ಒಬ್ಬೊಬ್ಬರದು ಒಂದೊಂದು ವಾದ. ಗೈಡ್ ಇವುಗಳಲ್ಲಿ ಒಂದನ್ನು ಹೇಳುತ್ತಾರೆ, ಕೆಲವರು ಅನ್ಯಗ್ರಹದವರ ಮುಖವನ್ನೂ ತೋರಿಸುತ್ತಾರೆ. ನಕ್ಕು ಮುಂದೆ ಹೋಗಿ.

1932ರಲ್ಲಿ ಅಮೆರಿಕದ ಪುರಾತತ್ವ ತಜ್ಞ ವೆಂಡೆಲ್ ಬೆನೆಟ್ ಇದೇ ಅಂಗಳದಲ್ಲಿ ಅಗೆದಾಗ 7 ಮೀಟರಿಗಿಂತ ಉದ್ದದ ಒಂದು ಕಲ್ಲಿನ ಮೂರ್ತಿ ಸಿಕ್ಕಿತು. ಅದನ್ನು ಲಾ ಪಾಜ್‌ಗೆ ಸಾಗಿಸಿ, ಆಮೇಲೆ ಫುಟ್‌ಬಾಲ್ ಸ್ಟೇಡಿಯಂ ಮುಂದೆ ನಿಲ್ಲಿಸಿದರು. ವಾಹನಗಳ ಹೊಗೆ ಕುಡಿಯುತ್ತಾ ಎಷ್ಟೋ ದಶಕ ಅಲ್ಲೇ ನಿಂತಿತ್ತು. 2002ರಲ್ಲಿ ವಾಪಸ್ ತಂದರು. ಈಗ ಇಲ್ಲಿನ ಮ್ಯೂಸಿಯಂನಲ್ಲಿದೆ. ಟಿಕೆಟ್ ಎಸೆಯಬೇಡಿ, ಮ್ಯೂಸಿಯಂಗೂ ಅದೇ ತೋರಿಸಬೇಕು. ಆ ಮೂರ್ತಿಯ ಒಂದು ಕೈಯಲ್ಲಿ ಕೇರೋ ಎನ್ನುವ ಲೋಟ ಇದೆ. ಮೆಕ್ಕೆಜೋಳದಿಂದ ಮಾಡುವ ಚಿಚಾ ಎಂಬ ಮದ್ಯ ಕುಡಿಯುವುದು ಇಂಥ ಲೋಟದಲ್ಲೇ. ಇಷ್ಟು ಎತ್ತರದಲ್ಲಿ ಮೆಕ್ಕೆಜೋಳ ಚೆನ್ನಾಗಿ ಬರುವುದಿಲ್ಲ. ಕೆಳಗಿನ ಬಿಸಿ ಕಣಿವೆಗಳಿಂದ ಲಾಮಾ ಎಂಬ ಪ್ರಾಣಿಗಳ ಬೆನ್ನ ಮೇಲೆ ಹೇರಿಕೊಂಡು ತರಬೇಕಿತ್ತು. ಹಬ್ಬಕ್ಕೆ ಬಂದವರಿಗೆಲ್ಲ ಅಷ್ಟು ದೂರದಿಂದ ತಂದ ಜೋಳದ ಚಿಚಾ ಕುಡಿಸಬಲ್ಲವನ ಕೈ ಎಷ್ಟು ಉದ್ದ ಇದ್ದಿರಬೇಕು, ನೀವೇ ಯೋಚಿಸಿ.

(ದೃಶ್ಯ: ಕಲಸಸಾಯಾ ಗೋಡೆ. ಪಕ್ಕದಲ್ಲಿ ಹಳೆಯ ಕಪ್ಪು ಬಿಳುಪು ಫೋಟೋ.)

ಈಗ ಕಲಸಸಾಯಾ. ಎತ್ತರದ ಗೋಡೆ, ಭಾರಿ ಮೆಟ್ಟಿಲು, ನಡುವೆ ಬಾಗಿಲು. ನಮ್ಮ ಪ್ರಶ್ನೆ ಕೇಳಬೇಕಾದ ಮುಖ್ಯ ಜಾಗ ಇದೇ. 19ನೇ ಶತಮಾನದ ಫೋಟೋಗಳಲ್ಲಿ ಇಲ್ಲಿ ಗೋಡೆಯೇ ಇಲ್ಲ. ಉದ್ದುದ್ದ ಕಲ್ಲಿನ ಕಂಬಗಳು ಒಂದರಿಂದ ಒಂದು ದೂರದಲ್ಲಿ ಒಂಟಿಯಾಗಿ ನಿಂತಿವೆ, ಅಷ್ಟೇ. 1957ರಿಂದ ಇಲ್ಲಿ ಅಗೆತ ನಡೆಸಿದವರು ಬೊಲಿವಿಯಾದವರೇ ಆದ ಕಾರ್ಲೋಸ್ ಪೋನ್ಸೆ ಸಂಹಿನೆಸ್. ಅವರ ಕಾಲದಲ್ಲೇ ಕಂಬಗಳ ನಡುವೆ ಕಲ್ಲು ತುಂಬಿಸಿ ಗೋಡೆ ಎಬ್ಬಿಸಿದರು. ದೇಶಕ್ಕೆ ತನ್ನದೇ ಆದ ಒಂದು ದೊಡ್ಡ ಪುರಾತನ ರಾಜಧಾನಿ ಕಾಣಬೇಕು ಎನ್ನುವ ಆಸೆ ಆ ಕಾಲಕ್ಕಿತ್ತು. ಬೇರೆ ಪುರಾತತ್ವ ತಜ್ಞರು ಆಮೇಲೆ ಸಾಕಷ್ಟು ಟೀಕಿಸಿದ್ದಾರೆ. ನೀವು ಗೋಡೆಯ ಹತ್ತಿರ ಹೋಗಿ ನೋಡಿ. ನೆಟ್ಟಗೆ ನಿಂತ, ಗಾಳಿ ಮಳೆಗೆ ಮೈ ಸವೆದ ದೊಡ್ಡ ಕಂಬ ಹಳೆಯದು. ನಡುವಿನ ಸಣ್ಣ ಕಲ್ಲುಗಳ ಸಾಲು 1960ರ ಸುಮಾರಿನದು. ಒಮ್ಮೆ ಕಣ್ಣಿಗೆ ಹತ್ತಿದರೆ ಆಮೇಲೆ ಯಾರೂ ತೋರಿಸಿಕೊಡಬೇಕಿಲ್ಲ.

ಒಳಗೆ ತಿವಾನಾಕು ಕಾಲದ ಒಂದು ಕಲ್ಲಿನ ಮೂರ್ತಿ ಇದೆ. ಅದಕ್ಕೆ ಅವರ ಹೆಸರನ್ನೇ ಇಟ್ಟು ಪೋನ್ಸೆ ಮೂರ್ತಿ ಅನ್ನುತ್ತಾರೆ. ಅದರ ಭುಜದ ಹತ್ತಿರ ಒಂದು ಶಿಲುಬೆ ಕೊರೆದಿದ್ದಾರೆ. ಅದು ಸ್ಪೇನಿನವರು ಬಂದ ಮೇಲಿನ ಕೆಲಸ.

(ದೃಶ್ಯ: ಸೂರ್ಯದ್ವಾರ, ನಿಧಾನವಾಗಿ ಹತ್ತಿರಕ್ಕೆ.)

ಇನ್ನು ಎಲ್ಲರೂ ಫೋಟೋ ತೆಗೆಯುವ ಸೂರ್ಯದ್ವಾರ. ಆಂಡೆಸೈಟ್ ಎಂಬ ಗಟ್ಟಿ ಜ್ವಾಲಾಮುಖಿ ಕಲ್ಲಿನ ಒಂದೇ ಬಂಡೆಯಲ್ಲಿ ಕೊರೆದದ್ದು. ಎತ್ತರ ಸುಮಾರು 3 ಮೀಟರ್, ತೂಕ ಸುಮಾರು 10 ಟನ್. ಮೇಲಿಂದ ಬಾಗಿಲ ಮೂಲೆಯವರೆಗೆ ಒಂದು ಬಿರುಕು ಇದೆ. ಇದು ಮುರಿದು ಬಿದ್ದಿತ್ತು, 20ನೇ ಶತಮಾನದ ಶುರುವಿನಲ್ಲಿ ಎತ್ತಿ ನಿಲ್ಲಿಸಿದರು. ಇದರ ಮೂಲ ಜಾಗ ಇದಲ್ಲ ಎನ್ನುವುದೇ ಹೆಚ್ಚಿನ ತಜ್ಞರ ಮಾತು. ಆದ್ದರಿಂದ ಯಾವ ದಿನ ಸೂರ್ಯ ಈ ಬಾಗಿಲಿನಲ್ಲಿ ಎಲ್ಲಿ ಮೂಡುತ್ತಾನೆ ಎನ್ನುವ ಲೆಕ್ಕಗಳನ್ನೆಲ್ಲ ಸ್ವಲ್ಪ ಪಕ್ಕಕ್ಕಿಡಿ.

ಕೆತ್ತನೆ ಮಾತ್ರ ಬಿಡಬೇಡಿ. ನಡುವೆ ಎರಡೂ ಕೈಯಲ್ಲಿ ದಂಡ ಹಿಡಿದ ದೇವರು. ತಲೆಯ ಸುತ್ತ ಕಿರಣಗಳು. ಎರಡೂ ಬದಿಗೆ ಮೂರು ಸಾಲುಗಳಲ್ಲಿ ರೆಕ್ಕೆಯ ಪರಿಚಾರಕರು, ಒಟ್ಟು 48. ನಡುವಿನ ಸಾಲಿನವರಿಗೆ ಹಕ್ಕಿಯ ತಲೆ, ಮೇಲಿನ ಕೆಳಗಿನ ಸಾಲಿಗೆ ಮನುಷ್ಯನ ಮುಖ. ಎಲ್ಲರೂ ದೇವರ ಕಡೆಗೇ ಓಡುತ್ತಿದ್ದಾರೆ. ಈಗ ಎರಡೂ ಕೊನೆಗಳಲ್ಲಿ ಇರುವವರನ್ನು ನೋಡಿ. ಉಳಿದವರಷ್ಟು ಆಳವಾಗಿ ಕೊರೆದಿಲ್ಲ, ಗೆರೆ ಎಳೆದು ಬಿಟ್ಟಂತಿದೆ. ಕೆಲಸ ಅರ್ಧಕ್ಕೇ ನಿಂತಿದೆ.

(ದೃಶ್ಯ: ರಸ್ತೆಯಾಚೆ ಪೂಮಾ ಪುಂಕು.)

ಇಲ್ಲಿಂದ ಹತ್ತು ಹದಿನೈದು ನಿಮಿಷ ನಡೆದರೆ ಪೂಮಾ ಪುಂಕು. ಸಮಯ ಇಲ್ಲ ಎಂದು ಕೆಲವು ಟೂರ್‌ನವರು ಇದನ್ನೇ ಬಿಟ್ಟುಬಿಡುತ್ತಾರೆ. ಬುಕ್ ಮಾಡುವಾಗಲೇ ಕೇಳಿ ಖಾತ್ರಿ ಮಾಡಿಕೊಳ್ಳಿ.

ಯೂಟ್ಯೂಬ್‌ನಲ್ಲಿ ‘ಅನ್ಯಗ್ರಹ ಜೀವಿಗಳು ಕಟ್ಟಿದ್ದು’ ಎಂದು ಓಡುವ ವಿಡಿಯೋಗಳು ಜಾಸ್ತಿ ಇರುವುದು ಈ ಜಾಗದ ಮೇಲೇ. ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ಕಲ್ಲುಗಳು, ಎಲ್ಲ ಒಂದೇ ಅಳತೆ, ಅಂಚು ಚೂಪು. ಅತಿ ದೊಡ್ಡ ಹಾಸುಗಲ್ಲು 7.8 ಮೀಟರ್ ಉದ್ದ, 5 ಮೀಟರ್ ಅಗಲ, ತೂಕದ ಅಂದಾಜು 131 ಟನ್. ಕೇಳಿದರೆ ಬಾಯಿ ಬಿಡುವ ಹಾಗಿದೆ, ನಿಜ. ಆದರೆ ಆ ದೊಡ್ಡದು ಕೆಂಪು ಮರಳುಗಲ್ಲು, ಅದರ ಗಣಿ ಸುಮಾರು 10 ಕಿಲೋಮೀಟರ್ ದೂರದಲ್ಲಿದೆ. ಸಾಕಷ್ಟು ಹಗ್ಗ, ಸಾಕಷ್ಟು ಜನ, ಹದ ಮಾಡಿದ ದಾರಿ ಇದ್ದರೆ ಎಳೆಯಬಹುದು. ನುಣುಪಾದ ಎಚ್ ಕಲ್ಲುಗಳು ಆಂಡೆಸೈಟ್, ಅವು ಬಂದಿದ್ದು ಟಿಟಿಕಾಕಾ ಸರೋವರದ ಕಡೆಯಿಂದ. 2002ರಲ್ಲಿ ಅಲ್ಲಿನ ಜೊಂಡಿನಿಂದ ದೋಣಿ ಕಟ್ಟಿ 9 ಟನ್ ಕಲ್ಲನ್ನು ಸರೋವರದ ಮೇಲೆ ತಂದು ತೋರಿಸಿದ್ದಾರೆ.

ಕಲ್ಲಿನ ಅಂಚುಗಳಲ್ಲಿ ಇಂಗ್ಲಿಷಿನ ಐ ಆಕಾರದ ಸಣ್ಣ ತೋಡುಗಳನ್ನು ಹುಡುಕಿ. ಎರಡು ಕಲ್ಲು ಪಕ್ಕಪಕ್ಕ ಇಟ್ಟು ಆ ತೋಡಿಗೆ ಕರಗಿದ ಲೋಹ ಸುರಿಯುತ್ತಿದ್ದರು. ತಾಮ್ರಕ್ಕೆ ಆರ್ಸೆನಿಕ್ ಮತ್ತು ನಿಕಲ್ ಬೆರೆತ ಲೋಹ. ಆರಿದ ಮೇಲೆ ಅದೇ ಕೊಕ್ಕೆ, ಕಲ್ಲು ಅಲುಗಾಡುವುದಿಲ್ಲ. ಅಂದರೆ ಕಲ್ಲುಕುಟಿಗನ ಪಕ್ಕದಲ್ಲೇ ಒಲೆ ಹೊತ್ತಿಸಿಕೊಂಡು ಎರಕದವನು ಕೂತಿದ್ದ. ಇದನ್ನೆಲ್ಲ ಬಿಟ್ಟು ಆಕಾಶದಿಂದ ಬಂದವರಿಗೆ ಹೆಸರು ಕೊಡುವುದು ಆ ಇಬ್ಬರು ಕೆಲಸಗಾರರಿಗೆ ಮಾಡುವ ಅವಮಾನ ಅಂತ ನನಗನಿಸುತ್ತದೆ.

ಈಗ ಇಲ್ಲಿ ಎಲ್ಲ ಚೆಲ್ಲಾಪಿಲ್ಲಿ. ಮೊದಲು ಹೇಗಿತ್ತು ಎಂದು ಕಂಡುಹಿಡಿಯಲು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಲೆಕ್ಸಿ ವ್ರಾನಿಚ್ ಒಂದು ಉಪಾಯ ಮಾಡಿದರು. ಮುರಿದ ತುಂಡುಗಳ ಹಳೆಯ ಅಳತೆಗಳನ್ನು ಕಲೆಹಾಕಿ, ಶೇ. 4ರ ಗಾತ್ರದಲ್ಲಿ 3ಡಿ ಪ್ರಿಂಟ್ ತೆಗೆದು, ಕೈಯಲ್ಲಿ ಹಿಡಿದು ಜೋಡಿಸಿ ನೋಡಿದರು. 2018ರಲ್ಲಿ ಅದರ ವರದಿ ಬಂತು.

(ದೃಶ್ಯ: ನೀರು ನಿಂತ ಕಾಲುವೆಗಳ ನಡುವೆ ಏರುಮಡಿಗಳು. ಅನಿಮೇಷನ್: ಹಗಲು, ರಾತ್ರಿ.)

ಇಷ್ಟು ಜನ ಏನು ತಿಂದು ಕಲ್ಲು ಎಳೆದರು? ಟೂರ್‌ನಲ್ಲಿ ಇದನ್ನು ಯಾರೂ ತೋರಿಸುವುದಿಲ್ಲ, ಆದರೆ ನನಗೆ ಎಲ್ಲಕ್ಕಿಂತ ಇಷ್ಟವಾದ ವಿಷಯ ಇದು. ಸರೋವರದ ಸುತ್ತ ಇವರು ಏರುಮಡಿ ಮಾಡಿದರು. ಇಲ್ಲಿನ ಅಯ್ಮಾರಾ ಜನರ ಭಾಷೆಯಲ್ಲಿ ಇದಕ್ಕೆ ಸುಕಾ ಕೊಲ್ಲು ಅನ್ನುತ್ತಾರೆ. ಮಣ್ಣು ಎತ್ತಿ ಮಡಿ, ಎರಡು ಮಡಿಗಳ ನಡುವೆ ನೀರಿನ ಕಾಲುವೆ. ಹಗಲು ಬಿಸಿಲಿಗೆ ನೀರು ಕಾಯುತ್ತದೆ. ಒಲೆ ಆರಿದರೂ ಹಂಡೆಯ ನೀರು ಬೆಳಗಿನವರೆಗೂ ಬೆಚ್ಚಗಿರುತ್ತದಲ್ಲ, ಹಾಗೆ ಇದೂ ರಾತ್ರಿ ಮೆಲ್ಲಗೆ ಕಾವು ಬಿಡುತ್ತದೆ. ರಾತ್ರಿಯ ಹಿಮಕ್ಕೆ ಸುಟ್ಟುಹೋಗಬೇಕಾದ ಗಿಡ ಉಳಿಯುತ್ತದೆ. ಕಾಲುವೆಯ ಕೆಸರು ಗೊಬ್ಬರವಾಗುತ್ತದೆ. 1980ರ ದಶಕದಲ್ಲಿ ಪುರಾತತ್ವ ತಜ್ಞರಾದ ಅಲನ್ ಕೊಲಾಟಾ ಮತ್ತು ಓಸ್ವಾಲ್ಡೋ ರಿವೆರಾ ಇಲ್ಲಿನ ರೈತರ ಜೊತೆ ಸೇರಿ ಹಳೆಯ ಮಡಿಗಳನ್ನು ಮತ್ತೆ ಎಬ್ಬಿಸಿ ಬೆಳೆ ತೆಗೆದರು.

ಆ ಬೆಳೆಗಳಲ್ಲಿ ಮುಖ್ಯವಾದದ್ದು ಆಲೂಗಡ್ಡೆ. ಹಾಸನದ ಹೊಲಗಳಲ್ಲಿ ಬೆಳೆಯುವ ಆಲೂಗಡ್ಡೆಗೆ ತವರು ಈ ಆಂಡೀಸ್ ಬೆಟ್ಟಗಳೇ. ಚಳಿಗಾಲದಲ್ಲಿ ಅದನ್ನು ರಾತ್ರಿ ಬಯಲಲ್ಲಿ ಹರಡಿ ಹೆಪ್ಪುಗಟ್ಟಿಸುತ್ತಾರೆ, ಬೆಳಗ್ಗೆ ಕಾಲಲ್ಲಿ ತುಳಿದು ನೀರು ತೆಗೆಯುತ್ತಾರೆ, ಬಿಸಿಲಿಗೆ ಒಣಗಿಸುತ್ತಾರೆ. ಇದರ ಹೆಸರು ಚುನ್ಯೋ. ವರ್ಷಗಟ್ಟಲೆ ಕೆಡುವುದಿಲ್ಲ. ಮಧ್ಯಾಹ್ನ ಊಟಕ್ಕೆ ನಿಲ್ಲಿಸಿದಾಗ ಸೂಪಿನಲ್ಲಿ ಕಪ್ಪಗೆ, ಸಣ್ಣ ಕಲ್ಲಿನ ಹಾಗೆ ಏನಾದರೂ ತೇಲಿದರೆ ಅದೇ. ನಮ್ಮ ನಾಲಿಗೆಗೆ ಮೊದಲ ಸಲ ಹಿಡಿಸುವುದು ಕಷ್ಟ.

ಕ್ರಿ.ಶ. 1000ದ ನಂತರ ನಗರ ಖಾಲಿಯಾಯಿತು. ದೀರ್ಘ ಬರ ಬಂತು ಅನ್ನುವವರು ಒಂದು ಕಡೆ, ಒಳಜಗಳ ಅನ್ನುವವರು ಇನ್ನೊಂದು ಕಡೆ. ಈ ವಾದ ಇನ್ನೂ ಮುಗಿದಿಲ್ಲ.

(ದೃಶ್ಯ: ತಿವಾನಾಕು ಊರಿನ ಚರ್ಚ್.)

ವ್ಯಾನ್ ಹತ್ತುವ ಮುಂಚೆ ಊರೊಳಗಿನ ಚರ್ಚ್‌ಗೆ ಐದು ನಿಮಿಷ ಕೊಡಿ. ಸ್ಪೇನಿನವರು ಇದನ್ನು ಕಟ್ಟಿದ್ದೇ ಪಾಳು ನಗರದ ಕಲ್ಲು ತಂದು. ಬಾಗಿಲ ಎರಡೂ ಬದಿಗೆ ಇರುವ ಮೂರ್ತಿಗಳೂ ಹಳೆಯ ತಿವಾನಾಕುವಿನವೇ. ರೈಲು ಹಳಿ ಹಾಕಿದಾಗಲೂ ಇಲ್ಲಿಂದ ಕಲ್ಲು ಒಡೆದು ಒಯ್ದರು. ಅಗೆದ ಜಾಗದಲ್ಲಿ ಏಕೆ ಇಷ್ಟು ಕಮ್ಮಿ ಕಲ್ಲು ಉಳಿದಿದೆ ಎನ್ನುವುದಕ್ಕೆ ಉತ್ತರ ಇಲ್ಲಿದೆ.

ಕೊನೆಗೆ ಯಾವಾಗ ಹೋಗಬೇಕು ಅನ್ನುವ ಮಾತು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಮಳೆ ಕಮ್ಮಿ, ಆಕಾಶ ತಿಳಿ, ಚಳಿ ಜಾಸ್ತಿ. ಜೂನ್ 21 ಅಯ್ಮಾರಾ ಜನರ ಹೊಸ ವರ್ಷ. ಆವತ್ತು ಸಾವಿರಾರು ಜನ ಇಲ್ಲಿ ಸೇರಿ ಮೊದಲ ಬಿಸಿಲಿಗೆ ಅಂಗೈ ಒಡ್ಡುತ್ತಾರೆ. 2006ರಲ್ಲಿ ಇವೋ ಮೊರಾಲಿಸ್ ಅಧ್ಯಕ್ಷರಾಗುವ ಹಿಂದಿನ ದಿನ ಆಶೀರ್ವಾದ ಪಡೆದದ್ದೂ ಇಲ್ಲೇ. ಜೂನ್ 21ಕ್ಕೇ ಹೋಗಬೇಕು ಅನ್ನುವವರಿಗೆ ಅರ್ಧ ದಿನದ ಟೂರ್ ಆಗುವುದಿಲ್ಲ. ಹಿಂದಿನ ರಾತ್ರಿಯೇ ಲಾ ಪಾಜ್ ಬಿಡಬೇಕು, ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ಬೆಳಗಾಗುವವರೆಗೆ ಬಯಲಲ್ಲಿ ಕಾಯಬೇಕು. ಕಂಬಳಿ ಮರೆಯಬೇಡಿ.